ಸಿ3 ಕಡಿಮೆಯಿದ್ದರೂ ಉರಿಯೂತ ಹೇಗೆ? ಮಗಳಿಗೊಂದು ಪತ್ರ

ಪ್ರೀತಿಯ ಮಗಳೆ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರೆಬರೆಯಾಯಿತೆಂದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಲೂಪಸ್ ಎಂಬ ರೋಗವಿರುವವರೊಬ್ಬರ ಮೂತ್ರಪಿಂಡದ ಉರಿಯೂತ ಉಲ್ಬಣಿಸಿದೆ, ಅದರಲ್ಲಿ ಕಾಂಪ್ಲಿಮೆಂಟ್ ವ್ಯವಸ್ಥೆಯ, ಎಂದರೆ ಸೋಂಕಿನ ವಿರುದ್ಧ ಕಾದಾಡುವ ರಕ್ತದ ಪ್ರೋಟೀನುಗಳ ಬಳಗದ, ಕೈವಾಡವಿದೆಯೆಂದು ಪಠ್ಯಪುಸ್ತಕ ಹೇಳುತ್ತದೆ, ಆದರೆ ರಕ್ತದ ವರದಿಯಲ್ಲಿ ಆ ಬಳಗದ ಸಿ3, ಸಿ4 ಎರಡೂ ಕಡಿಮೆಯಿವೆ. ಕೆಡುಕು ಮಾಡುವಂಥದ್ದು ಹೆಚ್ಚಿರಬೇಕಲ್ಲವೆ ಎಂದು ನೀನು ಕೇಳಿದೆ. ಪ್ರಯೋಗಾಲಯಕ್ಕೆ ಸೇರಿದ ಹೊಸತರಲ್ಲಿ ನನಗೂ ಇದೇ ಗೊಂದಲವಿತ್ತು.

ವರದಿಯಲ್ಲಿ ನೀನು ನೋಡುವುದು ರಕ್ತದಲ್ಲಿ ಉಳಿದಿರುವ ದಾಸ್ತಾನನ್ನು. ಅಂಗಾಂಶದಲ್ಲಿ ಆಗುತ್ತಿರುವ ಖರ್ಚು ಅಲ್ಲಿ ಕಾಣುವುದಿಲ್ಲ. ಯಕೃತ್ತು ತಯಾರಿಸುವ ವೇಗಕ್ಕಿಂತ ಬಳಕೆಯ ವೇಗ ಹೆಚ್ಚಾದಾಗ ಅಂಕಿ ಇಳಿಯುತ್ತದೆ. ಲೂಪಸ್‌ನಲ್ಲಿ ಪ್ರತಿಕಾಯಗಳು ತಮ್ಮ ಗುರಿಯೊಂದಿಗೆ ಹೆಣೆದುಕೊಂಡು ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳಲ್ಲಿ ತಂಗುತ್ತವೆ, ಅವುಗಳಿಗೆ ಸಿ1ರ ಭಾಗವಾದ ಸಿ1ಕ್ಯು ಅಂಟಿಕೊಳ್ಳುತ್ತದೆ, ಅಲ್ಲಿಂದ ಒಂದು ಕಿಣ್ವ ಮತ್ತೊಂದನ್ನು ಕತ್ತರಿಸಿ ಎಬ್ಬಿಸುವ ಸರಣಿ ಶುರುವಾಗುತ್ತದೆ. (ಸಿ1ರ ನಂತರ ಸಿ4, ಅದರ ನಂತರ ಸಿ2, ಆಮೇಲೆ ಸಿ3. ಕೆಲಸದ ಕ್ರಮ ತಿಳಿಯುವ ಮೊದಲೇ ಸಂಖ್ಯೆ ಕೊಟ್ಟುಬಿಟ್ಟದ್ದರ ಫಲವನ್ನು ವಿದ್ಯಾರ್ಥಿಗಳು ಇವತ್ತಿಗೂ ಉಣ್ಣುತ್ತಿದ್ದಾರೆ.)

ಈ ಸರಣಿಯಲ್ಲಿ ನೀನು ನಿಂತು ನೋಡಬೇಕಾದ ಜಾಗ ಸಿ3. ಅದು ಒಡೆದಾಗ ಚಿಕ್ಕ ತುಣುಕಾದ ಸಿ3ಎ ದೂರ ಸರಿಯುತ್ತದೆ; ದೊಡ್ಡ ತುಣುಕಾದ ಸಿ3ಬಿ, ಅದುವರೆಗೆ ಒಳಗೆ ಅಡಗಿಸಿಟ್ಟುಕೊಂಡಿದ್ದ ಒಂದು ರಾಸಾಯನಿಕ ಬಂಧವನ್ನು ಹೊರಚಾಚಿ, ಕಣ್ಣು ಮಿಟುಕಿಸುವುದರೊಳಗೆ ಪಕ್ಕದಲ್ಲಿ ಸಿಕ್ಕ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಆ ಮೇಲ್ಮೈ ಬ್ಯಾಕ್ಟೀರಿಯದ್ದೋ ನಮ್ಮದೇ ಜೀವಕೋಶದ್ದೋ ಎಂಬ ವಿವೇಚನೆ ಅದಕ್ಕಿಲ್ಲ. ಮುಂದೆ ಸಿ5 ಒಡೆದು ಹುಟ್ಟುವ ಸಿ5ಎ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಕರೆಸಿಕೊಳ್ಳುತ್ತದೆ, ಅಂಗಾಂಶದಲ್ಲಿರುವ ಮಾಸ್ಟ್ ಕೋಶಗಳಿಂದ ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಹೊರಡಿಸುತ್ತದೆ, ರಕ್ತನಾಳಗಳು ಸೋರುವಂತೆ ಮಾಡುತ್ತದೆ. ಊತ, ಕೆಂಪು, ಬಿಸಿ ಎಂದು ನೀವು ಬಾಯಿಪಾಠ ಮಾಡುವ ಉರಿಯೂತದ ಲಕ್ಷಣಗಳಲ್ಲಿ ಒಂದು ಪಾಲು ಈ ಪುಟ್ಟ ತುಣುಕುಗಳದ್ದು. ಉಳಿದ ಸಿ5ಬಿ ಮಾತ್ರ ಸಿ6ರಿಂದ ಸಿ9ರವರೆಗಿನ ಜೊತೆಗಾರರನ್ನು ಸೇರಿಸಿಕೊಂಡು ಜೀವಕೋಶದ ಪೊರೆಗೆ ರಂಧ್ರ ಕೊರೆಯುತ್ತದೆ.

ಹಾಗಾದರೆ ಆರೋಗ್ಯವಂತರಲ್ಲಿ ಇದು ಸುಮ್ಮನೆ ಮಲಗಿರುತ್ತದೆಯೆ? ಇಲ್ಲ. ಪ್ರತಿಕಾಯದ ನೆರವಿಲ್ಲದೆಯೂ ಕಾಂಪ್ಲಿಮೆಂಟ್ ಎಚ್ಚರಗೊಳ್ಳಬಲ್ಲದೆಂದು 1954ರಲ್ಲಿ ಅಮೆರಿಕದ ವಿಜ್ಞಾನಿ ಲೂಯಿಸ್ ಪಿಲ್ಲೆಮರ್ ಪ್ರಕಟಿಸಿದಾಗ ಅವರ ವಾದಕ್ಕೆ ತೀವ್ರ ವಿರೋಧ ಬಂತು; 1957ರಲ್ಲಿ ಅವರು ತೀರಿಕೊಂಡರು, ಅವರು ಹೇಳಿದ್ದು ಬಹುಮಟ್ಟಿಗೆ ಸರಿಯೆಂದು ಒಪ್ಪಿಗೆಯಾದದ್ದು ಆಮೇಲೆ. ಇಂದು ಪರ್ಯಾಯ ಮಾರ್ಗವೆಂದು ಕರೆಯುವ ಆ ದಾರಿಯಲ್ಲಿ ಸಿ3 ಸದಾ ಅಲ್ಪಸ್ವಲ್ಪ ತಾನಾಗಿಯೇ ಸಕ್ರಿಯಗೊಳ್ಳುತ್ತಿರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಅದು ನಮ್ಮನ್ನು ಸುಡದಿರುವುದು ನಮ್ಮ ಜೀವಕೋಶಗಳ ಮೇಲೆ ಸಿಡಿ55, ಸಿಡಿ59ರಂಥ ತಡೆಗಳೂ ರಕ್ತದಲ್ಲಿ ಫ್ಯಾಕ್ಟರ್ ಎಚ್‌ನಂಥ ನಿಯಂತ್ರಕಗಳೂ ಇರುವುದರಿಂದ. ಆದ್ದರಿಂದ ಕಾಂಪ್ಲಿಮೆಂಟ್ ಸಂಬಂಧಿ ರೋಗ ಎದುರಾದಾಗ, ಬೆಂಕಿ ಹಚ್ಚಿದ್ದು ಯಾವುದು ಎಂಬುದರ ಜೊತೆಗೆ ತಡೆ ಎಲ್ಲಿ ತಪ್ಪಿತು ಎಂದೂ ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಪಿಎನ್‌ಎಚ್ ಎಂಬ ರಕ್ತರೋಗ ಇದನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಅಸ್ಥಿಮಜ್ಜೆಯ ಒಂದು ಕಾಂಡಕೋಶದಲ್ಲಿ ಪಿಗ್-ಎ ಎಂಬ ಜೀನ್ ಕೆಟ್ಟರೆ, ಅದರ ಸಂತತಿಯ ಕೆಂಪು ರಕ್ತಕಣಗಳಿಗೆ ಸಿಡಿ55, ಸಿಡಿ59ಗಳನ್ನು ಮೈಮೇಲೆ ನಿಲ್ಲಿಸಿಕೊಳ್ಳುವ ಕೊಂಡಿಯೇ ಇರುವುದಿಲ್ಲ. ಯಾವ ಸೋಂಕೂ ಇಲ್ಲದಿದ್ದರೂ ಕಾಂಪ್ಲಿಮೆಂಟ್ ಅವುಗಳನ್ನು ಒಡೆಯುತ್ತದೆ. ಸಿ5 ಒಡೆಯದಂತೆ ತಡೆಯುವ ಎಕುಲಿಜುಮ್ಯಾಬ್ ಔಷಧಕ್ಕೆ 2007ರಲ್ಲಿ ಈ ರೋಗಕ್ಕಾಗಿಯೇ ಅನುಮೋದನೆ ಸಿಕ್ಕಿತು. ಆದರೆ ಅದನ್ನು ಪಡೆಯುವವರು ಮೆದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯದ ಸೋಂಕಿಗೆ ಸುಲಭವಾಗಿ ತುತ್ತಾಗುವುದರಿಂದ ಲಸಿಕೆ ಕಡ್ಡಾಯ, ಲಸಿಕೆ ಹಾಕಿಸಿಕೊಂಡ ಮೇಲೂ ಎಚ್ಚರ ತಪ್ಪುವಂತಿಲ್ಲ. ಇಳಿವಯಸ್ಸಿನಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಗೂ ಫ್ಯಾಕ್ಟರ್ ಎಚ್ ಜೀನಿನ ಒಂದು ಸಣ್ಣ ವ್ಯತ್ಯಾಸಕ್ಕೂ ನಂಟಿರುವುದು 2005ರಲ್ಲಿ ತಿಳಿದುಬಂತು.

ಇನ್ನೊಂದು ಸಂಗತಿ ನಿನ್ನನ್ನು ಮತ್ತೆ ಗೊಂದಲಕ್ಕೆ ತಳ್ಳಬಹುದು. ಹುಟ್ಟಿನಿಂದಲೇ ಸಿ1ಕ್ಯು ಇಲ್ಲದವರಲ್ಲಿ ಬಹುಪಾಲು ಜನರಿಗೆ ಲೂಪಸ್‌ನಂಥ ರೋಗವೇ ಬರುತ್ತದೆ. ಸತ್ತ ಜೀವಕೋಶಗಳನ್ನೂ ಪ್ರತಿಕಾಯಗಳ ಗಂಟುಗಳನ್ನೂ ಗುಡಿಸಿ ಹಾಕುವುದು ಕಾಂಪ್ಲಿಮೆಂಟಿನ ದಿನನಿತ್ಯದ ಚಾಕರಿ. ಅದು ನಿಂತರೆ ಕಸ ಉಳಿಯುತ್ತದೆ, ದೇಹ ಆ ಕಸದ ವಿರುದ್ಧವೇ ಪ್ರತಿಕಾಯ ಮಾಡಲು ತೊಡಗುತ್ತದೆ. ಹೀಗಾಗಿ ಲೂಪಸ್‌ನಲ್ಲಿ ಕಾಂಪ್ಲಿಮೆಂಟನ್ನು ಆರಂಭದ ಮೆಟ್ಟಿಲಲ್ಲೇ ಪೂರ್ತಿ ತಡೆದುಬಿಡೋಣ ಎನ್ನುವವರ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ.

ಆ ರೋಗಿಯ ಹಳೆಯ ವರದಿಗಳನ್ನು ಹುಡುಕಿ, ಸಿ3 ಯಾವಾಗ ಇಳಿಯತೊಡಗಿತೆಂದು ನೋಡು. ಉರಿಯೂತವಿದ್ದಾಗ ಯಕೃತ್ತು ಸಿ3ಯನ್ನು ಹೆಚ್ಚಾಗಿಯೂ ತಯಾರಿಸುವುದರಿಂದ, ಖರ್ಚು ಜೋರಾಗಿದ್ದರೂ ಅಂಕಿ ಸಹಜವೆಂಬಂತೆ ಕಾಣಬಹುದು. ಸಿ3ಎ, ಸಿ5ಎ ತುಣುಕುಗಳನ್ನೇ ಅಳೆಸುವುದಾದರೆ ರಕ್ತವನ್ನು, ಈ ಸರಣಿಯನ್ನು ತಡೆಯುವ ಇಡಿಟಿಎ ಎಂಬ ರಾಸಾಯನಿಕವಿರುವ ಟ್ಯೂಬಿನಲ್ಲಿ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಕಳಿಸಲು ಹೇಳು. ಇಲ್ಲದಿದ್ದರೆ ಆ ಸರಣಿ ಟ್ಯೂಬಿನೊಳಗೂ ಓಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಂದು ಮಾದರಿಯನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಿ, ಯಾವ ತೊಂದರೆಯೂ ಇಲ್ಲದ ಸಹೋದ್ಯೋಗಿಯೊಬ್ಬರಿಗೆ ಕಾಗದದ ಮೇಲೆ ಭಾರಿ ಕಾಯಿಲೆ ತರಿಸಿದ್ದೆ.

ನಿನ್ನ
ಅಪ್ಪ