ಊರಿನ ಶಾಸನ ಓದೋಕೆ ಊರಿನ ಮಕ್ಕಳೇ ತಯಾರಾಗ್ಲಿ

ಸಂಪಾದಕರಿಗೆ ನಮಸ್ಕಾರ,

ಪಿಯುಸಿ ರಿಸಲ್ಟ್ ಬಂದ್ಮೇಲೆ "ಮುಂದೇನು ಓದಬಹುದು" ಅಂತ ಪೇಪರ್‌ಗಳಲ್ಲಿ ಪುಟಗಟ್ಟಲೆ ಬರುತ್ತಲ್ಲ, ಈ ಸಲ ತಮ್ಮನಿಗೆ ಬೇಕಿತ್ತು ಅಂತ ನಾನೂ ಒಂದೂ ಬಿಡದೆ ಓದಿದೆ. ಇಂಜಿನಿಯರಿಂಗ್, ನೀಟ್, ನರ್ಸಿಂಗ್, ಸಿಎ, ಅಗ್ರಿ, ಫಾರೆಸ್ಟ್ರಿ, ಹೋಟೆಲ್ ಮ್ಯಾನೇಜ್‌ಮೆಂಟ್ ಎಲ್ಲಾ ಇತ್ತು. ಪುರಾತತ್ವ, ಮ್ಯೂಸಿಯಾಲಜಿ (ಮ್ಯೂಸಿಯಂ ಕೆಲಸದ ಓದು), ಹೆರಿಟೇಜ್ ಮ್ಯಾನೇಜ್‌ಮೆಂಟ್ (ಹಳೇ ಸ್ಮಾರಕ ಕಾಪಾಡೋ ಓದು) ಬಗ್ಗೆ ಒಂದು ಸಾಲೂ ಕಾಣ್ಲಿಲ್ಲ. ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೇ ಈ ಓದಿನ ಬಗ್ಗೆ ಯಾರೂ ಹೇಳದೇ ಇದ್ರೆ ಇನ್ಯಾವ ಜಿಲ್ಲೆಯವರಿಗೆ ಹೇಳ್ತಾರೆ ಅಂತ ಅನಿಸ್ತು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗ್ಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಸಾಗರ ತಾಲೂಕಿನವಳು, ಅಡಿಕೆ ತೋಟದ ಮನೆ, ಹಿಸ್ಟರಿ ಮತ್ತು ಆರ್ಕಿಯಾಲಜಿಯಲ್ಲಿ ಎಂಎ ಓದ್ತಿದೀನಿ. ಮದುವೆ ಮನೆ, ತಿಥಿ ಮನೆ ಎಲ್ಲಿ ಹೋದ್ರೂ "ಇತಿಹಾಸ ಓದಿ ಎಂತ ಮಾಡ್ತಿ, ಟೀಚರ್ ಆಗ್ತಿಯಾ" ಅಂತಲೇ ಕೇಳ್ತಾರೆ. ಕೇಳೋರ ತಪ್ಪಲ್ಲ ಅದು, ಈ ಓದಿನೊಳಗೆ ಏನಿದೆ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ.

ಉತ್ಖನನ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗೋದು ನಿಧಿ. ಒಂದು ಜಾಗ ಒಮ್ಮೆ ಅಗೆದ್ರೆ ಮುಗೀತು, ಮತ್ತೆ ಇದ್ದ ಹಾಗೆ ಇಡೋಕೆ ಯಾರಿಂದಲೂ ಆಗಲ್ಲ, ಹಂಗಾಗಿ ಗೂಟ ಹೊಡೆದು ಹಗ್ಗ ಎಳೆದು ಚೌಕ ಮಾಡ್ಕೊಂಡು, ಮಣ್ಣಿನ ಬಣ್ಣ, ಗಟ್ಟಿತನ ನೋಡ್ತಾ ಒಂದೊಂದೇ ಪದರ ಕರಣೆಯಲ್ಲಿ ಕೆರೆದು ಕೆಳಗೆ ಇಳೀಬೇಕು, ಚೌಕಗಳ ಮಧ್ಯೆ ಒಂದು ಮಣ್ಣಿನ ಗೋಡೆ ಮುಟ್ಟದೇ ಹಾಗೇ ಬಿಡಬೇಕು, ಯಾಕಂದ್ರೆ ಪದರಗಳ ಲೆಕ್ಕಕ್ಕೆ ಕೊನೆಗೆ ಉಳಿಯೋ ಸಾಕ್ಷಿ ಅದೊಂದೇ. ಮಡಕೆ ಚೂರು ಸಿಕ್ಕಿದ್ರೆ ಯಾವ ಚೌಕ, ಯಾವ ಪದರ, ಎಷ್ಟು ಆಳ ಅಂತ ಅಲ್ಲೇ ಬರೀಬೇಕು. ಬರೀದೇ ಜೇಬಿಗೆ ಹಾಕ್ಕೊಂಡ್ರೆ ಆ ಚೂರಿಂದ ಏನೂ ತಿಳಿಯಲ್ಲ. ಇದ್ದಿಲು ಸಿಕ್ಕಿದ್ರೆ ಕೈ ತಾಗಿಸದೆ ಎತ್ತಿಟ್ಟು ಅದು ಎಷ್ಟು ಹಳೇದು ಅಂತ ತಿಳಿಯೋ ಕಾರ್ಬನ್ ಡೇಟಿಂಗ್ ಪರೀಕ್ಷೆಗೆ ಕಳಿಸ್ತಾರೆ. ರಾತ್ರಿ ಗುದ್ದಲಿ ತಗೊಂಡು ದೇವಸ್ಥಾನದ ಹಿಂದೆ ಗುಂಡಿ ತೋಡೋ ನಿಧಿ ಕಳ್ಳರು ಹಾಳು ಮಾಡೋದು ಈ ಪದರಗಳನ್ನೇ. ಅವರಿಗೆ ಬಂಗಾರ ಸಿಗಲ್ಲ, ನಮಗೆ ಇತಿಹಾಸವೂ ಉಳಿಯಲ್ಲ.

ನನಗೆ ತುಂಬಾ ಇಷ್ಟದ ಕೆಲಸ ಶಾಸನದ ಪಡಿಯಚ್ಚು, ಅಂದ್ರೆ ಕಲ್ಲಿನ ಅಕ್ಷರದ ಪ್ರತಿಯನ್ನ ಕಾಗದದ ಮೇಲೆ ತೆಗೆಯೋದು. ಕಲ್ಲಿನ ಮೇಲಿನ ಪಾಚಿ, ಮಣ್ಣನ್ನ ನೀರು ಹಾಕಿ ಬ್ರಶ್‌ನಲ್ಲಿ ಮೆತ್ತಗೆ ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಶ್‌ನಿಂದ ಬಡಿದು ಬಡಿದು ಅಕ್ಷರದ ಗೆರೆಯೊಳಗೆ ಕಾಗದ ಕೂರೋ ಹಾಗೆ ಮಾಡಿ, ಅರೆ ಒಣಗಿದ್ಮೇಲೆ ಮಸಿ ಉಂಡೆಯಿಂದ ಒತ್ತಬೇಕು. ಸುತ್ತ ಕಪ್ಪಾಗಿ ಅಕ್ಷರ ಬೆಳ್ಳಗೆ ಮೂಡುತ್ತೆ. ಬರಿಗಣ್ಣಿಗೆ ಏನೂ ಕಾಣದ ಕಲ್ಲಲ್ಲಿ ದಾನ ಕೊಟ್ಟೋನ ಹೆಸರು, ಕೆರೆ ಕಟ್ಟಿಸಿದವನ ಹೆಸರು ಕಾಣಿಸ್ಕೊಂಡಾಗ ಆಗೋ ಖುಷಿ ಹೇಳೋಕಾಗಲ್ಲ. ಆದ್ರೆ ಅದನ್ನ ಓದೋಕೆ ಲಿಪಿ ಕಲಿಬೇಕು, ಕದಂಬರ ಕಾಲದ ಅಕ್ಷರ ಬೇರೆ, ಕಲ್ಯಾಣ ಚಾಲುಕ್ಯರ ಕಾಲದ್ದು ಬೇರೆ, ಕೆಳದಿ ಕಾಲದ್ದು ಇನ್ನೂ ಬೇರೆ, ಕಲಿಯೋಕೆ ವರ್ಷಗಳೇ ಬೇಕು.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರ್ತೀನಿ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬ ಎಲ್ಲರಿಗೂ ಗೊತ್ತು. ಮಯೂರಶರ್ಮ ಕಂಚಿಗೆ ಓದೋಕೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ಆಮೇಲೆ ರಾಜ್ಯ ಕಟ್ಟಿದ್ದು ನಮಗೆ ತಿಳಿದಿರೋದೇ ಕುಬ್ಜ ಅನ್ನೋ ಕವಿ ಬರೆದ ಆ ಸಂಸ್ಕೃತ ಶಾಸನದಿಂದ. ಅದೇ ದೇವಸ್ಥಾನದ ಜಾಗದಲ್ಲಿ 2013ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಉತ್ಖನನ ಮಾಡಿದಾಗ ಸಿಂಹದ ಕೆತ್ತನೆ ಇರೋ ಮೆಟ್ಟಿಲ ಪಕ್ಕದ ಕಲ್ಲೊಂದು ಸಿಕ್ತು, ಅದರ ಮೇಲಿನ ಶಾಸನದಲ್ಲಿ ಕನ್ನಡ ಇದೆ, ಕಾಲ ಸುಮಾರು ಕ್ರಿ.ಶ. 370 ಅಂತ ಇಲಾಖೆಯ ತಜ್ಞರು ಹೇಳಿದ್ರು. ಅಲ್ಲಿಯವರೆಗೆ ಅತಿ ಹಳೇ ಕನ್ನಡ ಶಾಸನ ಅಂದ್ರೆ ಸುಮಾರು 450ರ ಹಲ್ಮಿಡಿ ಅಂತಲೇ ನಾವು ಶಾಲೇಲಿ ಬಾಯಿಪಾಠ ಮಾಡಿದ್ದು. ತಲೆತಲಾಂತರದಿಂದ ಜನ ಓಡಾಡಿದ ಜಾಗ ಅದು, ಅಗೆಯೋ ಕ್ರಮ ಗೊತ್ತಿದ್ದೋರು, ಅಕ್ಷರ ಗುರುತಿಸೋರು ಬಂದ್ಮೇಲೆ ತಾನೇ ಅದು ಹೊರಗೆ ಬಂದಿದ್ದು?

ಇದು ತಾಳಗುಂದದ್ದು, ಹೆಸರಾದ ಊರು. ಬಳ್ಳಿಗಾವೆ, ಬಂದಳಿಕೆ, ಹೊಂಬುಜ, ಇಕ್ಕೇರಿ, ಕವಲೇದುರ್ಗ, ನಗರದ ಕೋಟೆ, ಇವಕ್ಕೆಲ್ಲ ಬೋರ್ಡಾದ್ರೂ ಇದೆ. ಹೊಸನಗರ ತಾಲೂಕಿನ ನಿಲಸ್ಕಲ್, ಬೈಸೆ ಕಡೆ ಕಾಡೊಳಗೆ ನಿಂತಿರೋ ಬೃಹತ್ ಶಿಲಾ ಸಂಸ್ಕೃತಿಯ (ದೊಡ್ಡ ಕಲ್ಲು ನಿಲ್ಲಿಸ್ತಿದ್ದ ಪ್ರಾಚೀನ ಜನರ) ಕಲ್ಲುಗಳನ್ನ ಎಷ್ಟು ಜನ ನೋಡಿದಾರೆ? ಅವುಗಳ ಕೆಲವು ಜೋಡಿಗಳು ಅಯನದ ದಿನ (ಹಗಲು ವರ್ಷದಲ್ಲೇ ಅತಿ ಉದ್ದ ಅಥವಾ ಅತಿ ಚಿಕ್ಕ ಇರೋ ದಿನ) ಸೂರ್ಯ ಹುಟ್ಟೋ, ಮುಳುಗೋ ದಿಕ್ಕಿಗೆ ಸರಿಯಾಗಿ ಇವೆ ಅಂತ ಸಂಶೋಧಕರು ಅಳೆದು ತೋರಿಸಿದಾರೆ. ಇನ್ನು ಸೊರಬ, ಶಿಕಾರಿಪುರದ ಕಡೆ ಹಳ್ಳಿಗಳಲ್ಲಿ ವೀರಗಲ್ಲು (ಕಾದಾಡಿ ಸತ್ತವನ ನೆನಪಿನ ಕಲ್ಲು), ಮಾಸ್ತಿಗಲ್ಲು (ಸತಿ ಹೋದವಳ ನೆನಪಿನ ಕಲ್ಲು) ಇಲ್ಲದ ಊರು ಹುಡುಕೋದೇ ಕಷ್ಟ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಮಧ್ಯದಲ್ಲಿ ಅಪ್ಸರೆಯರು ಸತ್ತ ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರೋದು, ತುದೀಲಿ ಸೂರ್ಯ ಚಂದ್ರ. ದನ ಹೊಡ್ಕೊಂಡು ಹೋಗೋಕೆ ಬಂದೋರನ್ನ ತಡೆದು ಸತ್ತ ಸಾಮಾನ್ಯ ಮನುಷ್ಯರ ಕಲ್ಲುಗಳೂ ಇದರಲ್ಲಿ ಬೇಕಾದಷ್ಟಿವೆ. ಅವರ ಹೆಸರು ಬೇರೆ ಯಾವ ಪುಸ್ತಕದಲ್ಲೂ ಇಲ್ಲ, ಆ ಕಲ್ಲು ಹೋದ್ರೆ ಅವರೂ ಹೋದ ಹಾಗೆ. ಅಂಥ ಕಲ್ಲುಗಳು ಈಗ ಎಲ್ಲಿವೆ ನೋಡಿ. ಕೆಲವು ಮೋರಿಗೆ ಹಾಸುಗಲ್ಲಾಗಿವೆ, ಕೆಲವು ಬಟ್ಟೆ ಒಗೆಯೋ ಕಲ್ಲಾಗಿವೆ, ಕೆಲವನ್ನ ರಸ್ತೆ ಅಗಲ ಮಾಡುವಾಗ ಜೆಸಿಬಿ ಪಕ್ಕಕ್ಕೆ ತಳ್ಳಿದೆ. ಭಕ್ತಿಯಿಂದ ಕಾಪಾಡಿದ ಕಡೆ ಎಣ್ಣೆ ಪೇಂಟ್ ಬಳಿದು ಅಕ್ಷರ ಮುಚ್ಚಿ ಹೋಗಿದೆ.

ಜೀರ್ಣೋದ್ಧಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೇ ಗಾರೆ ಕಟ್ಟಡಕ್ಕೆ ಸಿಮೆಂಟ್ ಮೆತ್ತೋದು ನಮ್ಮ ಕಡೆ ಎಲ್ಲಾ ಕಡೆ ನಡೀತಿದೆ, ಮಾಡೋರ ಮನಸ್ಸು ಒಳ್ಳೇದೇ. ಸುಣ್ಣದ ಗಾರೆ ಗೋಡೆಯೊಳಗಿನ ನೀರನ್ನ ಆಚೆ ಬಿಡುತ್ತೆ, ಸಿಮೆಂಟ್ ಬಿಡಲ್ಲ. ನಮ್ಮ ಮಳೆಗೆ ಒಳಗೆ ಸೇರಿದ ನೀರು ಹೊರಗೆ ಹೋಗೋಕೆ ದಾರಿ ಇಲ್ಲದೆ ಕಲ್ಲಿಂದಲೇ ಆವಿಯಾಗಬೇಕು, ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಹೆರಿಟೇಜ್ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಓದೋದು ಇಂಥದ್ದನ್ನೇ, ಕಾನೂನು ಏನಿದೆ, ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಯಾಕೆ ಕಟ್ಟಬಾರದು, ಅದರಾಚೆ 200 ಮೀಟರ್‌ನಲ್ಲಿ ಯಾಕೆ ಪರ್ಮಿಷನ್ ಬೇಕು, ದೇವಸ್ಥಾನ ಕಮಿಟಿಯವರ ಹತ್ರ, ಪಂಚಾಯ್ತಿಯವರ ಹತ್ರ ಹೆಂಗೆ ಮಾತಾಡ್ಬೇಕು, ಊರಿನವರಿಗೆ ತೊಂದ್ರೆ ಆಗದಂಗೆ ಹೆಂಗೆ ಕಾಪಾಡ್ಬೇಕು ಅಂತ. ಹತ್ತು ಊರಿಗೆ ಒಬ್ಬರಾದ್ರೂ ಇದು ಗೊತ್ತಿರೋರು ಇದ್ರೆ ಎಷ್ಟು ಗುಡಿ ಉಳಿತಿತ್ತು ಅನಿಸುತ್ತೆ.

ಮ್ಯೂಸಿಯಂ ಅಂದ್ರೆ ಗಾಜಿನ ಪೆಟ್ಟಿಗೆ, ಸೆಕ್ಯುರಿಟಿ ಗಾರ್ಡ್, ಮುಟ್ಟಬೇಡಿ ಅನ್ನೋ ಬೋರ್ಡ್ ಅಷ್ಟೇ ಅಂತ ನಾನೂ ಸೇರೋಕೆ ಮುಂಚೆ ಅನ್ಕೊಂಡಿದ್ದೆ. ಮಲೆನಾಡಲ್ಲಿ ಅದು ಮಳೆಗಾಲದ ಜೊತೆ ದಿನಾ ಮಾಡೋ ಹೋರಾಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೇಲಿ ಚಪ್ಪಲಿ, ಬೆಲ್ಟ್‌ಗೇ ಬೂಸ್ಟು ಹಿಡಿಯುತ್ತೆ, ಇನ್ನು ಓಲೆಗರಿ, ಕಡತ, ಹಳೇ ಕಾಗದದ ಗತಿ ಏನು? ನಮ್ಮ ಕಡೆ ಎಷ್ಟೋ ಹಳೇ ಮನೆಗಳ ನಾಗಂದಿಗೆ ಮೇಲೆ ತಿಗಳಾರಿ ಅನ್ನೋ ಹಳೇ ಲಿಪಿಯ ಓಲೆಗರಿ ಕಟ್ಟುಗಳು ಇವತ್ತಿಗೂ ಇವೆ, ಓದೋಕೆ ಬರೋರು ಆ ಮನೇಲಿ ಯಾರೂ ಉಳಿದಿಲ್ಲ. ಒದ್ದೆಯಾಯ್ತು ಅಂತ ಬಿಸಿಲಿಗೆ ಹರಡಿದ್ರೆ ಗರಿ ಮುರಿದು ಹೋಗುತ್ತೆ, ಹಂಗೇ ಕಟ್ಟಿಟ್ರೆ ಹುಳ ತಿನ್ನುತ್ತೆ. ಮೆತ್ತನೆ ಬ್ರಶ್‌ನಲ್ಲಿ ಧೂಳು ತೆಗೆದು, ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ, ಮರದ ಹಲಗೆ ಮಧ್ಯೆ ಇಟ್ಟು ಬಟ್ಟೆ ಸುತ್ತಿ, ಗಾಳಿ ಆಡೋ ಕಡೆ ಇಡೋದನ್ನ ನಮಗೆ ಕಲಿಸ್ತಾರೆ. ಬೆಳಕೂ ಅಷ್ಟೇ, ಹಸ್ತಪ್ರತಿ, ಬಟ್ಟೆ ಇರೋ ಕಡೆ 50 ಲಕ್ಸ್‌ಗಿಂತ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಜಾಸ್ತಿ ಇರಬಾರ್ದು ಅಂತ ಲೆಕ್ಕ ಇದೆ. ಮ್ಯೂಸಿಯಂಗೆ ಬಂದ ಪ್ರತಿ ವಸ್ತುವಿಗೂ ಒಂದು ನಂಬರ್ ಕೊಟ್ಟು, ಎಲ್ಲಿಂದ ಬಂತು, ಯಾರು ಕೊಟ್ರು, ಯಾವ ಸ್ಥಿತಿಯಲ್ಲಿತ್ತು ಅಂತ ರಿಜಿಸ್ಟರ್‌ನಲ್ಲಿ ಬರೆಯೋದು ಬೋರಿಂಗ್ ಕೆಲಸ ಅನ್ನಿಸಬಹುದು, ಆ ರಿಜಿಸ್ಟರ್ ಇಲ್ಲದಿದ್ರೆ ನಾಳೆ ಕಳುವಾದ್ರೂ ನಮ್ಮದೇ ಅಂತ ಸಾಬೀತು ಮಾಡೋಕಾಗಲ್ಲ. ಕೆಳದಿಯಲ್ಲಿ ಗುಂಡಾ ಜೋಯಿಸರು ಹಳ್ಳಿ ಹಳ್ಳಿಯಿಂದ ಓಲೆಗರಿ, ಕಡತ, ನಾಣ್ಯ ಕೂಡಿಸಿ ಮ್ಯೂಸಿಯಂ ಕಟ್ಟಿದ್ರಲ್ಲ, ಅವರಿಲ್ಲದಿದ್ರೆ ಅದರಲ್ಲಿ ಎಷ್ಟು ಒಲೆಗೆ ಹೋಗ್ತಿತ್ತೋ. ಒಬ್ಬರು ಇಡೀ ಜೀವನ ಹಾಕಿ ಮಾಡಿದ ಕೆಲಸ ಅದು, ಮುಂದಕ್ಕೆ ತಗೊಂಡು ಹೋಗೋಕೆ ತರಬೇತಿ ಆದೋರು ಬೇಕು.

ಕೆಲಸದ ವಿಷಯ ಮುಚ್ಚಿಡಲ್ಲ. ಇಂಜಿನಿಯರಿಂಗ್ ತರ ಕ್ಯಾಂಪಸ್ ಇಂಟರ್‌ವ್ಯೂ ಇಲ್ಲಿಲ್ಲ, ಸರ್ಕಾರಿ ಹುದ್ದೆ ಕಮ್ಮಿ, ಕರೆಯೋದೂ ತಡ. ಆದ್ರೆ ದಾರಿ ಇಲ್ಲ ಅನ್ನೋದು ಸುಳ್ಳು. ಕೇಂದ್ರದ ಪುರಾತತ್ವ ಇಲಾಖೆ ಇದೆ, ಅದರ ಶಾಸನ ವಿಭಾಗ ಮೈಸೂರಲ್ಲೇ ಇದೆ, ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯೂ ಮೈಸೂರಲ್ಲಿದೆ. ಕಾಲೇಜು ಅಧ್ಯಾಪಕರಾಗೋಕೆ ಬರೆಯೋ ನೆಟ್ ಪರೀಕ್ಷೆಯಲ್ಲಿ ಪುರಾತತ್ವಕ್ಕೇ ಒಂದು, ಮ್ಯೂಸಿಯಾಲಜಿ ಮತ್ತು ಕನ್ಸರ್ವೇಶನ್‌ಗೇ (ಹಳೇ ವಸ್ತು ಕೆಡದಂತೆ ಕಾಪಾಡೋ ವಿದ್ಯೆ) ಒಂದು ಬೇರೆ ಸಬ್ಜೆಕ್ಟ್ ಇದೆ. ಓದೋಕೆ ಶಂಕರಘಟ್ಟ (ಕುವೆಂಪು ವಿವಿ), ಮೈಸೂರು, ಧಾರವಾಡ, ಹಂಪಿ ವಿವಿಗಳಿವೆ, ಹೊರಗೆ ಹೋಗ್ತೀನಿ ಅಂದ್ರೆ ಪುಣೆಯ ಡೆಕ್ಕನ್ ಕಾಲೇಜು, ಮ್ಯೂಸಿಯಾಲಜಿಗೆ ಬರೋಡ. ಸೈನ್ಸ್ ಮಕ್ಕಳಿಗೂ ಇಲ್ಲಿ ಜಾಗ ಇದೆ ಅನ್ನೋದನ್ನ ಅಪ್ಪ ಅಮ್ಮಂದಿರು ಗಮನಿಸಬೇಕು, ಕನ್ಸರ್ವೇಶನ್ ಅಂದ್ರೆ ಅರ್ಧ ಕೆಮಿಸ್ಟ್ರಿ.

ಇಷ್ಟೆಲ್ಲ ಬರೆದಿದ್ದು ಒಂದೇ ವಿಷಯ ಕೇಳೋಕೆ. ಬ್ರಿಟಿಷರ ಕಾಲದ ಶಾಸನ ತಜ್ಞ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಆಗಿನ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಎರಡು ಸಂಪುಟ ಇವೆ, ಏಳನೇದು 1902ರಲ್ಲಿ ಬಂತು, ಎಂಟನೇದು 1904ರಲ್ಲಿ. ತಾಲೂಕುವಾರು ನಂಬರ್ ಕೊಟ್ಟು, ಯಾವ ಊರು, ಊರಲ್ಲಿ ಯಾವ ಜಾಗ ಅಂತ ಬರೆದಿದಾರೆ. ತಾಳಗುಂದದ ಕಂಬ ಅದರಲ್ಲಿ ಶಿಕಾರಿಪುರ 176. ನೂರಿಪ್ಪತ್ತು ವರ್ಷದ ಹಿಂದೆ ಗಾಡಿ ದಾರೀಲಿ, ನಡೆದು, ಕಾಡು ದಾಟಿ ಮಾಡಿದ ಕೆಲಸ ಅದು. ಈಗ ನಮ್ಮ ಪ್ರತಿ ಹುಡುಗ ಹುಡುಗಿ ಕೈಲೂ ಕ್ಯಾಮೆರಾ ಇರೋ ಮೊಬೈಲ್ ಇದೆ, ಜಿಪಿಎಸ್ ಇದೆ, ಬೈಕ್ ಇದೆ. ಜಿಲ್ಲೆಯ ಡಿಗ್ರಿ ಕಾಲೇಜುಗಳ ಹಿಸ್ಟರಿ ಮಕ್ಕಳಿಗೆ ಪ್ರಾಜೆಕ್ಟ್ ಅಂತ ಹಳೇ ಪುಸ್ತಕದಿಂದ ಕಾಪಿ ಮಾಡ್ಸೋ ಬದಲು, ಅವರವರ ಊರಿನ ಪುಟ ಕೊಟ್ಟು ಕಳಿಸಿ. ರೈಸ್ ಹೇಳಿದ ಕಲ್ಲು ಅದೇ ಜಾಗದಲ್ಲಿ ಇದೆಯಾ, ಬಿದ್ದಿದೆಯಾ, ಒಡೆದಿದೆಯಾ, ಬೇರೆ ಕಡೆ ಸಾಗಿಸಿದಾರಾ, ಪಟ್ಟಿಯಲ್ಲಿ ಇಲ್ಲದ ಹೊಸ ಕಲ್ಲು ಏನಾದ್ರೂ ಇದೆಯಾ, ಅಳತೆ, ಫೋಟೋ, ಊರಿನ ಹಿರಿಯರು ಆ ಕಲ್ಲಿನ ಬಗ್ಗೆ ಹೇಳೋ ಕತೆ, ಇಷ್ಟು ಬರ್ಕೊಂಡು ಬರ್ಲಿ. ಅದಕ್ಕೆ ಮಾರ್ಕ್ಸ್ ಕೊಡಿ. ಎಂಎ ಓದೋ ನಮ್ಮಂಥೋರು ಜೊತೆಗೆ ಹೋಗಿ ಹೇಳಿಕೊಡ್ತೀವಿ, ಪಡಿಯಚ್ಚು ತೆಗೆಯೋದು ಮಾತ್ರ ತಿಳಿದೋರ ಕೈಲೇ, ಅನುಮತಿ ತಗೊಂಡೇ ಆಗ್ಲಿ. ಆ ಪಟ್ಟಿಯ ಒಂದು ಪ್ರತಿ ಪಂಚಾಯ್ತಿಗೆ, ಒಂದು ವಿವಿಗೆ, ಒಂದು ಇಲಾಖೆಗೆ ಹೋಗ್ಲಿ. ದುಡ್ಡಿನ ಖರ್ಚು ತೀರಾ ಕಮ್ಮಿ.

ತಡ ಮಾಡಿದ್ರೆ ಏನಾಗುತ್ತೆ ಅಂತ ನಮ್ಮ ತಾಲೂಕಿನವರಿಗೆ ಹೇಳ್ಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದ್ವು. ಅದಕ್ಕೂ ಮುಂಚೆನೇ ಕೃಷ್ಣಾ ನದಿಯ ನಾಗಾರ್ಜುನಕೊಂಡದಲ್ಲಿ ಅಣೆಕಟ್ಟಿನ ನೀರು ಬರೋಕೆ ಮೊದಲು, 1954ರಿಂದ 1960ರ ತನಕ ಉತ್ಖನನ ಮಾಡಿ, ಕಟ್ಟಡಗಳನ್ನ ಬಿಚ್ಚಿ ಗುಡ್ಡದ ಮೇಲೆ ಮತ್ತೆ ಜೋಡಿಸಿ ಮ್ಯೂಸಿಯಂ ಕಟ್ಟಿದ್ರು, ಅಂದ್ರೆ ಆ ವಿದ್ಯೆ ಆಗ್ಲೇ ನಮ್ಮ ದೇಶದಲ್ಲಿತ್ತು. ನಮ್ಮ ಕಡೆ ಮುಳುಗಿದ ಊರುಗಳ ಗುಡಿ, ಕಲ್ಲು, ಮನೆ, ಕೆರೆ ಹೆಂಗಿತ್ತು ಅಂತ ಕೇಳಬೇಕಂದ್ರೆ ನನ್ನ ಅಜ್ಜಿಯ ವಯಸ್ಸಿನವರನ್ನೇ ಕೇಳ್ಬೇಕು, ಅವರೂ ಈಗ ಕಮ್ಮಿ ಆಗ್ತಿದಾರೆ. ಆ ನೆನಪನ್ನೂ ಈ ಪ್ರಾಜೆಕ್ಟ್‌ನಲ್ಲೇ ರೆಕಾರ್ಡ್ ಮಾಡಿ ಅಂತ ಕಾಲೇಜಿನವರಲ್ಲಿ ಕೈ ಮುಗಿದು ಕೇಳ್ತೀನಿ.

ನಿಮ್ಮ ಪೇಪರ್‌ನವರು ಮುಂದಿನ ವರ್ಷದ "ಮುಂದೇನು" ಪುಟದಲ್ಲಿ ಈ ಕೋರ್ಸ್‌ಗಳಿಗೆ ಒಂದು ಕಾಲಂ ಜಾಗ ಕೊಡಿ. ಎಲ್ಲಿ ಓದಬಹುದು, ಯಾವ ಸಬ್ಜೆಕ್ಟ್ ಬೇಕು, ಫೀಸ್ ಎಷ್ಟು, ಹಾಸ್ಟೆಲ್ ಇದೆಯಾ, ಇಷ್ಟನ್ನ ವಿವಿಗಳಿಗೆ ಫೋನ್ ಮಾಡಿ ವಿಚಾರಿಸಿ ಹಾಕಿದ್ರೆ ಸಾಕು. ಜೊತೆಗೆ ಮಕ್ಕಳು ಊರಲ್ಲಿ ಗುರುತಿಸಿದ ಕಲ್ಲಿನ ಫೋಟೋ, ವಿವರ ಕಳಿಸಿದ್ರೆ, ತಿಳಿದೋರ ಹತ್ರ ಪರಿಶೀಲಿಸಿ, ವಾರಕ್ಕೊಂದಾದ್ರೂ ಜಿಲ್ಲಾ ಪುಟದಲ್ಲಿ ಪ್ರಕಟಿಸಿ.

ಇಂತಿ,
ಒಬ್ಬ ಎಂಎ ವಿದ್ಯಾರ್ಥಿನಿ
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ