ಲೆಕ್ಕ ಒಪ್ಪಿಸಿ ಬಂದೆ, ಎಲ್ಲರಿಗೂ ಶರಣು

ನಿನ್ನೆಗೆ ರೈಲ್ವೆಯಲ್ಲಿ ನನ್ನ ಗೂಡ್ಸ್ ಲೆಕ್ಕದ ನೌಕರಿ ಮುಗಿಯಿತು. ಶಾಲು ಹೊದಿಸಿ, ಬಳ್ಳಾರಿ ಸ್ಟೇಷನ್‌ನಿಂದ ಮನೆತನಕ ಬಂದು ಬಿಟ್ಟು ಹೋದಿರಿ. ಮೈಕ್ ಕೈಗೆ ಕೊಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ವ್ಯಾಗನ್ ನಂಬರ್ ಬರೆದು ತರುತ್ತಿದ್ದ ಅಣ್ಣಂದಿರಿಗೆ. ಒಂದು ಅದಿರಿನ ರೇಕ್, ಅಂದರೆ ಇಡೀ ಗೂಡ್ಸ್ ರೈಲಿಗೆ, 58-59 ವ್ಯಾಗನ್. ಒಂದೊಂದಕ್ಕೂ 11 ಅಂಕಿಯ ನಂಬರ್. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ? ಆ ಬಿಸಿಲಲ್ಲಿ ಜಲ್ಲಿ ಮೇಲೆ ಅರ್ಧ ಕಿಲೋಮೀಟರಿಗೂ ಜಾಸ್ತಿ ನಡೆದು, ಕೆಂಧೂಳು ಕೂತ ನಂಬರನ್ನು ಅಂಗೈಯಲ್ಲಿ ಒರೆಸಿ ಓದಬೇಕು. ಅವರು ತಂದ ಹಾಳೆಯ ಅಂಚಿನಲ್ಲಿ ಬೆರಳಿನ ಕೆಂಪು ಗುರುತು ಇದ್ದೇ ಇರುತ್ತಿತ್ತು. ನಾನು ಫ್ಯಾನ್ ಕೆಳಗೆ ಕೂತು ಆರ್.ಆರ್. (ಸರಕಿನ ರೈಲ್ವೆ ರಸೀದಿ) ಮಾಡಿದೆ, ವ್ಯಾಗನ್ ತಡವಾಗಿ ಬಿಟ್ಟಿದ್ದಕ್ಕೆ ಡೆಮರೇಜ್ ಶುಲ್ಕದ ಲೆಕ್ಕ ಹಾಕಿದೆ. ತಿಂಗಳ ಬ್ಯಾಲೆನ್ಸ್ ಶೀಟ್ ಸರಿ ಬಂದರೆ ಹೊಗಳಿಕೆ ಮಾತ್ರ ನನಗೆ! ಅದು ಸರಿಯಲ್ಲ ಅಂತ ಆಗಲೂ ಅನ್ನಿಸುತ್ತಿತ್ತು.

ಕಾರ್ಬನ್ ಪೇಪರ್ ಕಾಲದ ನಮ್ಮ ಹೆಡ್ ಕ್ಲಾರ್ಕ್ ಸಾಹೇಬರು, "ಮೇಲಿಂದ ಕೂಡಿದ್ದಾಯ್ತಲ್ಲ, ಈಗ ಕೆಳಗಿಂದ ಕೂಡಮ್ಮ" ಅನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಆ ಚಟ ಬಿಡಲಿಲ್ಲ. ಕಿರಾಣಿ ಚೀಟಿಯನ್ನೂ ಹಾಗೇ ಕೂಡುತ್ತೇನೆ, ಮಗಳು ನಗುತ್ತಾಳೆ.

2003ರ ಏಪ್ರಿಲ್‌ನಲ್ಲಿ ನಾವು ದಕ್ಷಿಣ ಮಧ್ಯ ರೈಲ್ವೆ ವಲಯದಿಂದ ನೈಋತ್ಯ ರೈಲ್ವೆಗೆ ಸೇರಿದೆವು. ಆಮೇಲೆ ಅದಿರಿನ ಭರಾಟೆ. ಊಟಕ್ಕೂ ಪುರುಸೊತ್ತು ಇರಲಿಲ್ಲ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಮಗೆ ಸಂಬಳ ಬರುತ್ತಿತ್ತು. ಲಾರಿ ಡ್ರೈವರ್‌ಗಳಿಗೆ, ಲೋಡಿಂಗ್ ಹುಡುಗರಿಗೆ ಕೂಲಿ ಇಲ್ಲ. ಟೀ ಅಂಗಡಿ ಅಕ್ಕ ಅವರಿಗೆ ಉದ್ರಿಯಲ್ಲೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟಳು. ಪುಸ್ತಕದಲ್ಲಿ ಬರೆದಿಟ್ಟಳೇ ಹೊರತು ಯಾರನ್ನೂ ಹಿಡಿದು ಕೇಳಲಿಲ್ಲ. ನಾನು ಕಂಡ ಖಾತೆಗಳಲ್ಲಿ ಅದಕ್ಕೇ ನನ್ನ ಮರ್ಯಾದೆ ಜಾಸ್ತಿ.

ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಕೊನೆ ವಾರ ಮಕ್ಕಳನ್ನು ನೋಡಿಕೊಂಡವರು ನಮ್ಮತ್ತೆ. ಎಷ್ಟು ತಡವಾಗಿ ಹೋದರೂ ರೊಟ್ಟಿ, ಶೇಂಗಾ ಚಟ್ನಿ ಮುಚ್ಚಿಟ್ಟಿರುತ್ತಿದ್ದರು. ಯಜಮಾನರಿಗೆ ಮನೆಯಲ್ಲೇ ಹೇಳಿದ್ದೇನೆ, ಇಲ್ಲಿ ಬೇಡ.

ಇನ್ನೊಂದು ಮಾತು. ನಮ್ಮ ಗ್ಯಾಂಗ್‌ಮನ್‌ಗಳ, ಖಲಾಸಿಗಳ ಮನೆಯ ಹೆಣ್ಣುಮಕ್ಕಳು ಫ್ಯಾಮಿಲಿ ಪೆನ್ಷನ್ ಕಾಗದ ಹಿಡಿದು ಅಲೆಯುವುದನ್ನು ನೋಡಿದ್ದೇನೆ. ಸುಮ್ನೆ ಅಲೆಯಬೇಡಿ. ಸಂಜೆ ಹೊತ್ತು ಮನೆಯಲ್ಲೇ ಇರುತ್ತೇನೆ. ಪಿ.ಪಿ.ಒ. (ಪೆನ್ಷನ್ ಮಂಜೂರಾದ ಆದೇಶ ಪತ್ರ), ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ, ಕೂತು ಅರ್ಜಿ ತುಂಬೋಣ. ಚಹಾ ನನ್ನದು.