ಮನೆಯಲ್ಲೇ ಕೂತು ಮಾಡುವುದಲ್ವಾ

ಹಿರಿಯಡ್ಕ,
ಫೆಬ್ರವರಿ 8, 2026

ಪ್ರೀತಿಯ ಮಗಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮೊಣಗಂಟು ನೋವು ಹಾಗೇ ಉಂಟು. ಆದರೂ ಮೊನ್ನೆ ಬಯಲಾಟಕ್ಕೆ ಹೋಗಿ ಬೆಳಗಿನವರೆಗೆ ಕೂತು ಬಂದಿದ್ದಾರೆ. ನೋವು ಎಷ್ಟು ಅಂತ ನೀನೇ ಅಂದಾಜು ಮಾಡು.

ನಾವು ಮಾತಾಡುವುದು ತುಳು. ಬರೆಯಲು ಕೂತರೆ ನನಗೆ ಬರುವುದು ಏಳನೇ ಕ್ಲಾಸಿನ ಕನ್ನಡವೇ, ತಪ್ಪಿದ್ದರೆ ನಗಬೇಡ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತಿ, ಅಷ್ಟರಲ್ಲಿ ಮಗು ಅಳುತ್ತದೆ, ಮಾತು ಎಲ್ಲಿಗೋ ಹೋಗುತ್ತದೆ. ಕಾಗದ ಆದರೆ ಪೂರ್ತಿ ಓದಲೇ ಬೇಕಲ್ಲ.

ನಿನ್ನ ಸುಟ್ಟ ಮಣ್ಣಿನ ಓಲೆ, ಜುಮುಕಿ ವ್ಯಾಪಾರದ ಬಗ್ಗೆ ನೀನು ಕೇಳಿದ್ದು ಮೂರು ವಿಷಯ. ಮಂಗಳೂರಿನ ಆ ಅಂಗಡಿಯವರ ದಸರಾ ಆರ್ಡರ್ ಹಿಡಿಯುವುದಾ, ಅಲ್ಲೇ ಬಿಜೈಯಲ್ಲಿ ಸಣ್ಣ ಅಂಗಡಿ ಬಾಡಿಗೆಗೆ ತೆಗೆದುಕೊಳ್ಳುವುದಾ, ನಾಲ್ಕು ಮಂದಿ ಹೆಂಗಸರನ್ನು ಕೆಲಸಕ್ಕೆ ಸೇರಿಸುವುದಾ.

ಅಂಗಡಿ ಬಾಡಿಗೆಯದ್ದು ಮೊದಲು ಮುಗಿಸುತ್ತೇನೆ. ಬೇಡ. ತಿಂಗಳಿಗೆ 9,000 ಅಂತ ಹೇಳಿದ್ದಿ. ಒಂದು ಜೋಡಿ ಜುಮುಕಿ 150ಕ್ಕೆ ಮಾರುತ್ತಿ. ಮಣ್ಣು, ಬಣ್ಣ, ಹುಕ್ಕು, ಡಬ್ಬಿ ಎಲ್ಲ ಸೇರಿ 25. ಕೈಕೂಲಿ 50 ಹಿಡಿದರೆ ಉಳಿಯುವುದು 75. ಬಾಡಿಗೆಯವನಿಗೆ ಎಣಿಸಿ ಕೊಡಲಿಕ್ಕೇ 120 ಜೋಡಿ ಮಾರಬೇಕು. ಮಳೆಗಾಲದಲ್ಲೂ ಅಷ್ಟೇ. ಅದೂ ಅಲ್ಲದೆ ಅಂಗಡಿಯಲ್ಲಿ ಕೂತವಳು ಜುಮುಕಿ ಮಾಡುವುದು ಯಾವಾಗ?

ಕೈಕೂಲಿ 50 ಅಂತ ನಾನು ಎಲ್ಲಿಂದ ತಂದೆ ಅಂತ ಕೇಳುತ್ತಿ. ಕಳೆದ ಶನಿವಾರ ನೀನು ಚಾವಡಿಯಲ್ಲಿ ಕೂತು ಮಣ್ಣು ತಟ್ಟುತ್ತಿದ್ದಾಗ ನಾನು ಗಡಿಯಾರ ನೋಡುತ್ತಾ ಇದ್ದೆ, ನಿನಗೆ ಗೊತ್ತಾಗಲಿಲ್ಲ. ಜುಮುಕಿಯ ಗಂಟೆ ಎತ್ತಿ, ಕೆಳಗೆ ಮುತ್ತಿನ ಸಾಲು ಕೂರಿಸಿ, ಕಡ್ಡಿಯಿಂದ ಗೆರೆ ಹಾಕಿ, ತೂತು ಮಾಡಿ ಇಡುವಾಗ ಒಂದು ಜೋಡಿಗೆ ಇಪ್ಪತ್ತೈದು ನಿಮಿಷ. ಒಣಗಿದ ಮೇಲೆ ಉಜ್ಜುವುದು, ಸುಟ್ಟ ಮೇಲೆ ಎರಡು ಕೈ ಬಣ್ಣ, ಹುಕ್ಕು ಹಾಕುವುದು, ಮತ್ತೆ ಇಪ್ಪತ್ತೈದು. ಹತ್ತಿರ ಹತ್ತಿರ ಒಂದು ಗಂಟೆ ಕೈ ಆಡಬೇಕು. ಅದಕ್ಕೆ 50 ಏನೂ ಹೆಚ್ಚಲ್ಲ.

ಈಗ ಆ ಅಂಗಡಿಯವರ ಮಾತು. 500 ಜೋಡಿ, ಜೋಡಿಗೆ 70, ಮಾರಿಹೋದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸು. 70ರಲ್ಲಿ ಸಾಮಾನು 25, ಕೂಲಿ 50. ಜೋಡಿಗೆ ಐದು ರೂಪಾಯಿ ನಿನ್ನ ಕೈಯಿಂದಲೇ ಹೋಗುತ್ತದೆ. ನಾನು ಅದನ್ನು ಹೇಳಿದಾಗ ನೀನು ಎಂತ ಹೇಳಿದ್ದಿ ನೆನಪುಂಟಾ? "ಹೆಂಗಸರಿಗೆ 30 ಕೊಟ್ಟರೆ ಸಾಕಮ್ಮ, ಮನೆಯಲ್ಲೇ ಕೂತು ಮಾಡುವುದಲ್ವಾ."

ಆ ಮಾತು ಕೇಳಿ ನನಗೆ ರಾತ್ರಿ ನಿದ್ರೆ ಬರಲಿಲ್ಲ ಮಾರಾಯ್ತಿ.

ಇಪ್ಪತ್ತೆರಡು ವರ್ಷ ನಾನು ಬೀಡಿ ಕಟ್ಟಿದವಳು. ನೀನು ತೊಟ್ಟಿಲಲ್ಲಿದ್ದಾಗ ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಕಾಲಲ್ಲಿ ತೊಟ್ಟಿಲ ಹಗ್ಗ. ರಾತ್ರಿ ಎಲೆ ನೆನೆಸಿ ಇಡುವುದು, ಬೆಳಿಗ್ಗೆ ಅಳತೆಯ ತಗಡು ಇಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಹುಡಿ ತುಂಬಿ ಸುರುಟಿ ನೂಲು ಕಟ್ಟುವುದು, ಇಪ್ಪತ್ತೈದರ ಕಟ್ಟು ಮಾಡುವುದು. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿಯ ಮನುಷ್ಯ ಕಟ್ಟು ಬಿಚ್ಚಿ, ಕಣ್ಣಿಗೆ ಕಂಡದ್ದನ್ನು ಹಿಡಿದು ಮುರಿದು ಬುಟ್ಟಿಗೆ ಹಾಕುತ್ತಿದ್ದ. ಅದಕ್ಕೆ ದುಡ್ಡಿಲ್ಲ. ಸಾವಿರಕ್ಕೆ ಅಂತ ಕೊಟ್ಟ ಎಲೆಯಲ್ಲಿ ಅರ್ಧಕ್ಕರ್ಧ ತೂತು ಇದ್ದರೂ ಸಾವಿರ ಬೀಡಿ ಎಣಿಸಿ ಕೊಡಬೇಕು. ಕಡಿಮೆ ಬಿದ್ದ ಎಲೆಯನ್ನು ನಾವೇ ದುಡ್ಡು ಕೊಟ್ಟು ತಂದು ಸೇರಿಸುತ್ತಿದ್ದೆವು. ಒಮ್ಮೆ ಮಜೂರಿ ಹೆಚ್ಚು ಮಾಡಿ ಅಂತ ನಾವು ಹೆಂಗಸರೆಲ್ಲ ಒಟ್ಟಾಗಿ ಕೇಳಿದ್ದಕ್ಕೆ ಅವನು ಹೇಳಿದ್ದು ಅದೇ ಮಾತು. "ನಿಮಗೇನು, ಮನೆಯಲ್ಲೇ ಕೂತು ಮಾಡುವುದಲ್ವಾ."

ಮನೆಯಲ್ಲಿ ಕೂತು ಮಾಡಿದ್ದೂ ಕೆಲಸವೇ ಅಂತ 1966ರ ಬೀಡಿ ಕಾನೂನಿನಲ್ಲೇ ಇತ್ತು, ಮನೆಯಲ್ಲಿ ಕಟ್ಟುವವರನ್ನೂ ಕೆಲಸಗಾರರ ಲೆಕ್ಕಕ್ಕೆ ಸೇರಿಸಿದ್ದರು. ಬೀಡಿ ಕೆಲಸದವಳು ಅಂತ ನನಗೊಂದು ಪಿಎಫ್, ಕಾರ್ಡು ಆಯಿತು. ನಿನ್ನ ಕಾಲೇಜಿನ ಸ್ಕಾಲರ್‌ಶಿಪ್ ಬಂದದ್ದು ಆ ಕಾರ್ಡಿನಿಂದ ಅಂತ ನಿನಗೆ ಮರೆತುಹೋಗಿರಬೇಕು.

30 ಕೊಟ್ಟರೆ ನಿನಗೆ ಜೋಡಿಗೆ 15 ಉಳಿಯುತ್ತದೆ, 500ಕ್ಕೆ 7,500. ಲೆಕ್ಕ ನನಗೂ ಬರುತ್ತದೆ. ಆ 7,500 ಯಾರ ಕೈಯಿಂದ ಬಂದದ್ದು ಅಂತ ನೀನೇ ನೋಡು. ಅದೂ ಪೂರ್ತಿ ಉಳಿಯುವುದಿಲ್ಲ. ಸುಡುವಾಗ ಎಂಟಕ್ಕೊಂದು ಒಡೆಯುತ್ತದೆ, 500 ಬೇಕಾದರೆ 570 ಮಾಡಬೇಕು. ಒಡೆದ 70 ಜೋಡಿಯ ಮಣ್ಣು ತಟ್ಟಿದ ಕೂಲಿ ಯಾರು ಕೊಡುವುದು? ಬ್ರಾಂಚಿನವರ ಹಾಗೆ ನೀನೂ ಹೆಂಗಸರ ತಲೆಗೆ ಹಾಕುತ್ತಿಯಾ? ಬೆಂಕಿ ಇಡುವುದು ನಾವು. ಒಡೆದದ್ದೂ ನಮ್ಮದೇ.

ಹೆಂಗಸರನ್ನು ಸೇರಿಸು, ಬೇಡ ಅನ್ನುವುದಿಲ್ಲ. ನಾಲ್ಕು ಬೇಡ, ಎರಡು ಸಾಕು. ಮಣ್ಣು ತಟ್ಟಿ ಉಜ್ಜುವ ಕೆಲಸ ಕೊಡು, ಬಣ್ಣ ನೀನೇ ಹಚ್ಚು. ಶನಿವಾರ ಶನಿವಾರ ದುಡ್ಡು ಕೈಯಲ್ಲಿಡು. ಮೊದಲ ತಿಂಗಳು ಅವರ ಕೈ ನಿಧಾನ ಇರುತ್ತದೆ, ಆಗಲೂ ನೀನು ಮುಖ ಗಂಟು ಹಾಕಬಾರದು. ನೀನು ಮೊದಲು ಮಾಡಿದ ಓಲೆ ನನ್ನ ಹತ್ತಿರ ಈಗಲೂ ಉಂಟು, ಒಂದು ದೊಡ್ಡದು, ಒಂದು ಸಣ್ಣದು.

ಅಂಗಡಿಯವರಿಗೆ 100 ಜೋಡಿ ಕೊಡುತ್ತೇನೆ, ಜೋಡಿಗೆ 100, ದುಡ್ಡು ಮೊದಲು, ವಾಪಸು ಇಲ್ಲ ಅಂತ ಹೇಳು. ಹೂಂ ಅಂದರೆ ಆಯಿತು. ಇಲ್ಲದಿದ್ದರೆ ಅವರ ದಾರಿ ಅವರಿಗೆ. ಅವರಿಗೆ ಬೇಕಾದ್ದು ಎಲ್ಲ ಕಡೆ ಸಿಗುವ ಹೂವಿನ ಜುಮುಕಿ. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ರಾತ್ರಿ ನಾನು ನಿನ್ನ ಜೊತೆ ಮೇಜಿನ ಹಿಂದೆ ಕೂತು ನೋಡಿದೆನಲ್ಲ, ಜನ ಎತ್ತಿಕೊಂಡದ್ದು ಯಾವುದನ್ನು? ಯಕ್ಷಗಾನದ ವೇಷಕ್ಕೆ ಹೆಗಲಿಗೆ ಕಟ್ಟುವ ಭುಜಕೀರ್ತಿಯ ಆಕಾರದ್ದು. ಮಣಿಪಾಲದ ಕಾಲೇಜು ಹುಡುಗಿಯರು ಮೊದಲು ಕೈಯಲ್ಲಿ ತೂಕ ನೋಡಿದರು, ಆಮೇಲೆ ಕಿವಿಗೆ ಹಿಡಿದು ಫೋನಿನಲ್ಲಿ ಮುಖ ನೋಡಿಕೊಂಡರು. ರಾತ್ರಿ ಹತ್ತರಿಂದ ಮೂರರ ಒಳಗೆ 46 ಜೋಡಿ ಹೋಯಿತು, ಅದರಲ್ಲಿ 31 ಭುಜಕೀರ್ತಿ. ಅಪ್ಪನ ಯಕ್ಷಗಾನದ ಹುಚ್ಚು ಈ ಮನೆಗೆ ಉಪಕಾರ ಮಾಡಿದ್ದು ಇದೊಂದೇ. ಅದನ್ನು ಬಿಟ್ಟು ಹೂವಿನ ಜುಮುಕಿ ಯಾಕೆ ಮಾಡಬೇಕು? ಒಬ್ಬರು ಹೆಂಗಸು "ನೀರು ಬಿದ್ದರೆ ಕರಗುತ್ತದಾ" ಅಂತ ಕೇಳಿದರಲ್ಲ, ಮುಂದಿನ ಸಲ ಒಂದು ಲೋಟ ನೀರಿನಲ್ಲಿ ಸುಟ್ಟ ಓಲೆ ಹಾಕಿ ಮೇಜಿನ ಮೇಲೇ ಇಡು.

ಈಗ ನಿಜವಾಗಿ ಹೇಳಬೇಕಾದ್ದು. ದಸರಾ ಆರ್ಡರ್ ಅಂದರೆ ಆಟಿ, ಸೋಣದಲ್ಲಿ, ಮಳೆಯ ತಿಂಗಳಲ್ಲೇ ಮಾಡಬೇಕು. ಈಗ ನೆರಳಿನಲ್ಲಿ ಎರಡು ಮೂರು ದಿನಕ್ಕೆ ಒಣಗುವ ಮಣ್ಣು ಆಟಿಯಲ್ಲಿ ಹತ್ತು ದಿನವಾದರೂ ಒಳಗೆ ತಣ್ಣಗೇ ಇರುತ್ತದೆ. ಕೆನ್ನೆಗೆ ಮುಟ್ಟಿಸಿ ನೋಡಿದರೆ ಗೊತ್ತಾಗುತ್ತದೆ. ತೇವ ಇರುವಾಗ ಬೆಂಕಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಪಟಪಟ ಸಿಡಿಯುತ್ತದೆ. ಆದ್ದರಿಂದ ದುಡ್ಡು ಹಾಕುವುದಿದ್ದರೆ ಅಂಗಡಿಗೆ ಹಾಕಬೇಡ, ಈ ಮೂರು ತಿಂಗಳಿಗೆ ಹಾಕು. ಮೇ ಮುಗಿಯುವುದರೊಳಗೆ 600 ಜೋಡಿ ತಟ್ಟಿ, ಸುಟ್ಟು, ಬೋಳಾಗಿಯೇ ಡಬ್ಬದಲ್ಲಿ ತುಂಬಿಸಿಡುವ. ಸುಟ್ಟ ಮಣ್ಣಿಗೆ ಮಳೆಯ ಹೆದರಿಕೆ ಇಲ್ಲ, ನಮ್ಮ ಮಾಡಿನ ಹಂಚು ನೋಡು. ಬಣ್ಣ, ಹುಕ್ಕು ಮಾತ್ರ ಆರ್ಡರ್ ಬಂದ ಹಾಗೆ ಹಾಕು. ಮೊದಲೇ ಹಾಕಿಟ್ಟರೆ ಈ ಉಪ್ಪು ಗಾಳಿಗೆ ಹುಕ್ಕು ಕಪ್ಪಾಗುತ್ತದೆ, ಯಾವ ಸೀರೆಗೆ ಯಾವ ಬಣ್ಣ ಕೇಳುತ್ತಾರೆ ಅಂತಲೂ ಗೊತ್ತಿರುವುದಿಲ್ಲ.

ಇದಕ್ಕೆ ಕೂಲಿ, ಮಣ್ಣು, ಸೌದೆ ಸೇರಿ 20,000 ಬೇಕಾದೀತು. ಸಾಲ ಬೇಡ ಅಂತ ಅಪ್ಪ ಹೇಳುತ್ತಾರೆ. ಸರಕಾರದ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಅಡವು ಇಲ್ಲದೆ ಸಿಗುತ್ತದೆ ಅಂತ ಭಾವ ಹೇಳಿದರು. ದಿನಾ ಸ್ವಲ್ಪ ಸ್ವಲ್ಪ ಕಟ್ಟಿದ ನನ್ನ ಪಿಗ್ಮಿಯಲ್ಲಿ 14,000 ಉಂಟು, ಮೊದಲು ಅದನ್ನು ತೆಗೆದುಕೋ. ಬೇರೆಯವರಿಗೆ ಪಿಗ್ಮಿ ಅಂದರೆ ಏನೋ, ನಮಗೆ ಅದು ಮನೆಯದ್ದೇ. ಇದೇ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಮನೆಮನೆಗೆ ಬಂದು ಎರಡಾಣೆ ಎರಡಾಣೆ ಸೇರಿಸಿಕೊಂಡದ್ದು. ಬ್ಯಾಂಕು 2020ರಲ್ಲಿ ಕೆನರಾಕ್ಕೆ ಸೇರಿತು, ನಾನು ಪಿಗ್ಮಿ ಕಟ್ಟುವುದು ಬಿಡಲಿಲ್ಲ. ಉಡುಗೊರೆ ಅಲ್ಲ ಇದು, ದೀಪಾವಳಿ ಕಳೆದ ಮೇಲೆ ವಾಪಸು ಕೊಡಬೇಕು.

ಸಣ್ಣ ವ್ಯಾಪಾರದವರಿಗೆ ಸರಕಾರ ಮಾಡುವ ಉದ್ಯಮ್ ನೋಂದಣಿಗೆ ಯಾರೋ 2,500 ಕೇಳಿದರು ಅಂದೆಯಲ್ಲ, ಕೊಡಬೇಡ. ಅದು ಬಿಟ್ಟಿ, ಆಧಾರ್, ಪ್ಯಾನ್ ಇದ್ದರೆ ನೀನೇ ಫೋನಿನಲ್ಲಿ ಮಾಡಬಹುದಂತೆ. ಜಿಎಸ್‌ಟಿಯ ಹೆದರಿಕೆ ಈಗಲೇ ಬೇಡ. ಕರ್ನಾಟಕದ ಒಳಗೇ ಸಾಮಾನು ಮಾರುವವರಿಗೆ ವರ್ಷದ ವ್ಯಾಪಾರ 40 ಲಕ್ಷ ದಾಟಿದ ಮೇಲೆ ಆ ಮಾತು ಅಂತ ಭಾವ ಹೇಳಿದರು. ಆನ್‌ಲೈನ್ ಕಂಪೆನಿಗಳ ಮೂಲಕ ಮಾರುವುದಾದರೆ, ಹೊರರಾಜ್ಯಕ್ಕೆ ಕಳಿಸುವುದಾದರೆ ಲೆಕ್ಕ ಬೇರೆ, ಆಗ ಅವರನ್ನೇ ಕೇಳು.

ಇನ್ನೊಂದು ವಿಷಯ ಉಂಟು. ಬರೆಯುವುದಾ ಬೇಡವಾ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಕಳೆದ ಆಟಿಯಲ್ಲಿ ನಿನ್ನ ನಲವತ್ತು ಓಲೆ ಸಿಡಿದದ್ದು ಮಣ್ಣು ಸರಿ ಇಲ್ಲದ್ದರಿಂದ ಅಂತ ನಾನು ಹೇಳಿದ್ದೆ. ಮಣ್ಣಿನದ್ದೇನೂ ತಪ್ಪಿರಲಿಲ್ಲ. ಮರುದಿನ ನೆಂಟರು ಬರುವವರಿದ್ದರು, ಹಟ್ಟಿಯ ಹಿಂದಿನ ಮಣ್ಣು ಸುಡುವ ಗೂಡು ಖಾಲಿ ಮಾಡಬೇಕಿತ್ತು. ಕೆನ್ನೆಗೆ ಮುಟ್ಟಿಸಿ ನೋಡಿದೆ, ತಣ್ಣಗಿತ್ತು. ಗೊತ್ತಿದ್ದೇ ಬೆಂಕಿ ಹಾಕಿದೆ. ನೀನು ಮಣ್ಣು ಕೊಟ್ಟವರ ಹತ್ತಿರ ಜಗಳ ಮಾಡಿ ಬಂದೆ, ನಾನು ಸುಮ್ಮನಿದ್ದೆ. ಅವರ ಹತ್ತಿರ ಈ ವಾರ ನಾನೇ ಹೋಗಿ ಹೇಳಿ, ಎರಡು ಗೋಣಿ ಮಣ್ಣಿಗೆ ಹೇಳಿ ಬರುತ್ತೇನೆ.

ಶನಿವಾರ ಬರುವಾಗ ಬೇಕರಿಯಲ್ಲಿ ಬಿಸ್ಕುಟಿನ ಖಾಲಿ ತಗಡಿನ ಡಬ್ಬ ಸಿಗುತ್ತದಾ ಕೇಳು, ಮುಚ್ಚಳ ಬಿಗಿ ಇರುವಂಥದ್ದು, ಆರು ಬೇಕು. ಮಗುವಿನ ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದಿ, ಒಗೆದು ಇಟ್ಟಿದ್ದೇನೆ.

ಇತಿ,
ಅಮ್ಮ